19 ವರ್ಷದ ಗ್ಯಾರೇಜ್ ಅನುಭವ: ತರಬೇತಿ ಪಾಠ ಬರೆದು ಬದುಕಬಹುದಾ?

ಓದುಗರ ಪ್ರಶ್ನೆ:

ನಾನು ಜಮಖಂಡಿ ಹತ್ತಿರದವನು. ಐಟಿಐನಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಮುಗಿಸಿ, 19 ವರ್ಷದಿಂದ ಸ್ವಂತ ಗ್ಯಾರೇಜ್ ನಡೆಸುತ್ತಿದ್ದೇನೆ. ಟ್ರ್ಯಾಕ್ಟರ್, ಪಿಕಪ್, ಜೀಪು ಎಲ್ಲ ಬರುತ್ತವೆ. ನನಗೀಗ 41 ವರ್ಷ. ಎರಡು ವರ್ಷದಿಂದ ಸೊಂಟದಲ್ಲಿ ಡಿಸ್ಕ್ ತೊಂದರೆ. ಗಾಡಿ ಕೆಳಗೆ ಮಲಗಿ ಗೇರ್ ಬಾಕ್ಸ್ ಇಳಿಸುವ ಕೆಲಸ ಇನ್ನು ಬೇಡ ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಹತ್ತಿರ ಕಲಿಯುವ ಹುಡುಗರಿಗಾಗಿ ಕೆಲಸದ ಕ್ರಮವನ್ನು ಬರೆದಿಡುವ ಅಭ್ಯಾಸ ಇದೆ. ನಾಲ್ಕು ನೋಟ್‌ಬುಕ್ ತುಂಬಿವೆ. ಅದನ್ನು ನೋಡಿದ ಒಂದು ಖಾಸಗಿ ತರಬೇತಿ ಕೇಂದ್ರದವರು, "120 ಪುಟ ಬರೆದುಕೊಡಿ, ಫೋಟೋನೂ ನೀವೇ ಹಾಕಿ, 8,000 ರೂಪಾಯಿ ಕೊಡ್ತೀವಿ, ಹಕ್ಕೆಲ್ಲ ನಮ್ಮದು" ಎಂದಿದ್ದಾರೆ. ಕಂಪನಿ ಮ್ಯಾನುಯಲ್‌ನಿಂದ ಚಿತ್ರ ತೆಗೆದುಕೊಂಡರೂ ನಡೆಯುತ್ತದಂತೆ. ಗೆಳೆಯನೊಬ್ಬ, "ನಿನಗ ಇಂಗ್ಲಿಷ್ ಬರಂಗಿಲ್ಲ, ಡಿಗ್ರಿ ಇಲ್ಲ, ಈಗ ಎಐ ಎಲ್ಲಾ ಬರೀತೈತಿ, ನಿನ್ನ ಯಾರು ಕೇಳ್ತಾರ" ಅನ್ನುತ್ತಾನೆ. ಗ್ಯಾರೇಜ್ ಮುಚ್ಚಿ ಇದನ್ನೇ ಹಿಡಿಯಲೇ? ಯಾವ ಲ್ಯಾಪ್‌ಟಾಪ್ ತೆಗೆದುಕೊಳ್ಳಲಿ?

ಉತ್ತರ:

ಮೊದಲು ತುರ್ತಿನ ಮಾತು. ಆ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಗ್ಯಾರೇಜನ್ನೂ ಮುಚ್ಚಬೇಡಿ. ಅದಕ್ಕೆ ಕಾರಣ ಬೇರೆ ಇದೆ.

ನಾನು ಬೆಳಗಾವಿಯ ಖಾನಾಪುರ ರಸ್ತೆಯ ಒಂದು ಗ್ಯಾರೇಜಿನಲ್ಲಿ ಕೆಲಸ ಶುರು ಮಾಡಿದವನು. ಆಮೇಲೆ ಹುಡುಗರಿಗೆ ಕಲಿಸುವ ಕೆಲಸ ಸಿಕ್ಕಿತು. ಕಲಿಸುತ್ತಾ ಕಲಿಸುತ್ತಾ ಬರೆಯುವುದಕ್ಕೆ ಬಂದೆ. ರಿಪೇರಿ ಕೆಲಸದ ಪಾಠ, ಪ್ರಾಕ್ಟಿಕಲ್ ಹಾಳೆ, ಪ್ರಶ್ನೆಪತ್ರಿಕೆ ಬರೆಯಲು ಹಿಡಿದು 17 ವರ್ಷ ಆಯಿತು. ನಿಮ್ಮ ಪತ್ರ ಮೇಲ್ನೋಟಕ್ಕೆ 8,000 ರೂಪಾಯಿಯದು. ನನಗೆ ಅದರೊಳಗೆ ಕೇಳಿಸಿದ್ದು ಬೇರೆ. ಮೈ ಇನ್ನು ಮುಂಚಿನ ಹಾಗೆ ಒದಗುವುದಿಲ್ಲ, ಕೈಯಲ್ಲಿರುವ ವಿದ್ಯೆಗೆ ಇನ್ನೊಂದು ದಾರಿಯಲ್ಲಿ ಬೆಲೆ ಸಿಗುತ್ತದಾ ಅಂತ ನೀವು ಕೇಳುತ್ತಿದ್ದೀರಿ. ಸಿಗುತ್ತದೆ. ಆದರೆ ನೀವು ಅಂದುಕೊಂಡ ಕಡೆಯಿಂದ ಅಲ್ಲ, ಅಂದುಕೊಂಡಷ್ಟು ಬೇಗವೂ ಅಲ್ಲ.

ನಿಮ್ಮ ಗೆಳೆಯರು ಹೇಳಿದ ಮೂರು ಮಾತಿನಲ್ಲಿ ಅರ್ಧ ನಿಜ ಇದೆ. ಒಂದೊಂದಾಗಿ ನೋಡೋಣ.

ಇಂಗ್ಲಿಷ್ ವಿಷಯ. ದೊಡ್ಡ ಕಂಪನಿಗಳ ಕೆಲಸ ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಆದರೆ ಅವರಿಗೆ ಬೇಕಾದದ್ದು ಕಾಲೇಜಿನ ಇಂಗ್ಲಿಷ್ ಅಲ್ಲ. ವಿಮಾನ ರಿಪೇರಿ ಮ್ಯಾನುಯಲ್‌ಗಳಿಗಾಗಿ ಯುರೋಪಿನಲ್ಲಿ ಶುರುವಾದ ಒಂದು ಪದ್ಧತಿ ಇದೆ. ಅದರ ಹೆಸರು ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್. ಅದರ ಪ್ರಕಾರ ಕೆಲಸದ ಹಂತ ಹೇಳುವ ವಾಕ್ಯ 20 ಪದ ದಾಟಬಾರದು. ಒಂದು ವಾಕ್ಯದಲ್ಲಿ ಒಂದೇ ಸೂಚನೆ. ಒಂದು ಪದಕ್ಕೆ ಒಂದೇ ಅರ್ಥ. "ನಟ್ ಬಿಚ್ಚಿ. ವಾಷರ್ ತೆಗೆಯಿರಿ. ವಾಷರ್ ಬಿರುಕು ಬಿಟ್ಟಿದೆಯಾ ನೋಡಿ." ಇಷ್ಟೇ ಅದರ ಧಾಟಿ. ಈ ಮಟ್ಟದ ಇಂಗ್ಲಿಷನ್ನು ಐಟಿಐ ಕಲಿತವರು ಒಂದು ವರ್ಷ ಬಿಡದೆ ರೂಢಿ ಮಾಡಿಕೊಂಡರೆ ಬರೆಯಬಹುದು. ನಾನೂ ಹಾಗೇ ಕಲಿತೆ.

ಡಿಗ್ರಿ ವಿಷಯ. ಪುಣೆ, ಬೆಂಗಳೂರು, ಚೆನ್ನೈನ ಕಂಪನಿಗಳಲ್ಲಿ ಟೆಕ್ನಿಕಲ್ ರೈಟರ್ ನೌಕರಿಗೆ ಅರ್ಜಿ ಹಾಕಿದರೆ ಡಿಪ್ಲೊಮಾನೋ ಬಿ.ಇ.ನೋ ಕೇಳುವುದೇ ಹೆಚ್ಚು. ಆ ಬಾಗಿಲಲ್ಲಿ ನಿಮ್ಮ 19 ವರ್ಷವನ್ನು ಯಾರೂ ಕೇಳದೇ ಇರಬಹುದು. ಆದರೆ ಅದೇ ಕೆಲಸಕ್ಕೆ ಹಿಂಬಾಗಿಲು ಅಲ್ಲ, ಪಕ್ಕದ ಬಾಗಿಲು ಒಂದಿದೆ. ಬರೆಯುವವರಿಗೆ ವಿಷಯ ಹೇಳಿಕೊಡುವ, ಬರೆದದ್ದು ಸರಿ ಇದೆಯಾ ಅಂತ ಗಾಡಿ ಮೇಲೆ ಮಾಡಿ ನೋಡುವ ವಿಷಯ ತಜ್ಞರು ಬೇಕಾಗುತ್ತಾರೆ. ಅಲ್ಲಿ ಕೇಳುವುದು ಡಿಗ್ರಿ ಅಲ್ಲ, ಕೈ.

ಎಐ ವಿಷಯ. ಇದು ಸುಳ್ಳು ಭಯ ಅಲ್ಲ. ಪುಟಕ್ಕೆ ಇಷ್ಟು ಅಂತ ದುಡ್ಡು ತಗೊಂಡು, ಇದ್ದ ಪುಸ್ತಕವನ್ನೇ ತಿರುಗಿಸಿ ಬರೆದುಕೊಡುವ ಕೆಲಸ ಕಡಿಮೆ ಆಗುತ್ತಿದೆ, ಇನ್ನೂ ಕಡಿಮೆ ಆಗುತ್ತದೆ. ಯಂತ್ರ ಚೆಂದವಾಗಿಯೇ ಬರೆಯುತ್ತದೆ. ಆದರೆ ಅದು ಬರೆದ ಕ್ರಮವನ್ನು ಗಾಡಿ ಮುಂದೆ ನಿಂತು ಮಾಡಿ ನೋಡಿದವರು ಯಾರೂ ಇರುವುದಿಲ್ಲ. ಯಾವ ಮಾಡೆಲ್ಲಿಗೆ ಅಂತ ನೋಡದೆ ಟಾರ್ಕ್, ಅಂದರೆ ನಟ್ ಎಷ್ಟು ಬಿಗಿ ಮಾಡಬೇಕು ಅನ್ನುವ ಅಳತೆ, ಹೇಳಿಬಿಡುತ್ತದೆ. ಓದಿದರೆ ಸರಿ ಅನ್ನಿಸುತ್ತದೆ, ಅಲ್ಲೇ ಅಪಾಯ ಇರುವುದು. ನಿಮ್ಮ ಕೆಲಸ ಪುಟ ತುಂಬುವುದಾದರೆ ಹೆದರಿಕೊಳ್ಳಿ. ಪುಟವನ್ನು ಪರೀಕ್ಷೆ ಮಾಡುವುದಾದರೆ ಅಷ್ಟು ಹೆದರಬೇಕಿಲ್ಲ.

ಹಾಗಾದರೆ ಈ ಕೆಲಸ ಅಂದರೆ ಏನು? ಹೊರಗಿನವರು ಮ್ಯಾನುಯಲ್, ಪಾಠ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಸರ್ವಿಸ್ ಮ್ಯಾನುಯಲ್ ಬರೆಯುವುದು ಕೆಲಸ ಬಲ್ಲವನಿಗೆ. ಅವನಿಗೆ ಅಳತೆ ಬೇಕು, ಕ್ರಮ ಬೇಕು, ಅಷ್ಟೇ. ತರಬೇತಿ ಪಾಠ ಬರೆಯುವುದು ಇನ್ನೂ ಬಾರದವನಿಗೆ. ಅವನು ಎಲ್ಲಿ ತಪ್ಪುತ್ತಾನೆ ಅನ್ನುವುದು ನಿಮಗೆ ಮೊದಲೇ ಗೊತ್ತಿರಬೇಕು. ಇದನ್ನು ನಾನು ಕಲಿತ ಒಂದು ದಿನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಅದರಲ್ಲೇ ಇದೆ.

"ಸೆಲ್ಫ್ ನಿಧಾನ ತಿರುಗುತ್ತದೆ" ಅನ್ನುವ ದೂರಿನ ಬಗ್ಗೆ ಒಂದು ಪುಟ ಬರೆದಿದ್ದೆ. ಸೆಲ್ಫ್ ಅಂದರೆ ಇಂಜಿನ್ ಸ್ಟಾರ್ಟ್ ಮಾಡುವ ಮೋಟಾರ್. ಅದರಲ್ಲಿ ಮೂರನೇ ಹಂತ: "ಇಂಜಿನ್ ಅರ್ಥಿಂಗ್ ಪರೀಕ್ಷಿಸಿ." ಅರ್ಥಿಂಗ್ ಅಂದರೆ ಇಂಜಿನ್ ಮೈಯಿಂದ ಬ್ಯಾಟರಿ ಮೈನಸ್ಸಿಗೆ ಕರೆಂಟ್ ವಾಪಸ್ ಹೋಗುವ ದಾರಿ. ನನಗೆ ಅದು ಪೂರ್ಣ ವಾಕ್ಯ. ಒಬ್ಬ ಹುಡುಗನ ಕೈಗೆ ಪುಟ ಕೊಟ್ಟು, ಹಳೇ ಟ್ರ್ಯಾಕ್ಟರ್ ಪಕ್ಕ ನಿಲ್ಲಿಸಿ, ನಾನು ಸುಮ್ನೆ ಕೂತೆ. ಆ ಟ್ರ್ಯಾಕ್ಟರಿನ ಅರ್ಥ್ ಕೇಬಲ್ ಒಳಗೆ ಕೊಳೆತಿತ್ತು. ಮೇಲೆ ರಬ್ಬರ್ ಚೆನ್ನಾಗಿತ್ತು. ಒಳಗಿನ ತಾಮ್ರದ ಎಳೆಗಳಲ್ಲಿ ನಾಲ್ಕೋ ಐದೋ ಉಳಿದಿದ್ದವು. ಹುಡುಗ ಮೀಟರನ್ನು ಕರೆಂಟಿನ ತಡೆ ಅಳೆಯುವ ಓಮ್ಸ್‌ಗೆ ಇಟ್ಟ. ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇಂಜಿನ್ ಮೈಗೆ. ಮೀಟರ್ ಸೊನ್ನೆ ಹತ್ತಿರ ತೋರಿಸಿತು. "ಸರ್, ಅರ್ಥಿಂಗ್ ಚೆನ್ನಾಗಿದೆ" ಅಂದು ಬ್ಯಾಟರಿ ಬದಲಾಯಿಸಲು ಹೊರಟ.

ಅವನ ತಪ್ಪೇನೂ ಇಲ್ಲ. ಓಮ್ಸ್‌ನಲ್ಲಿ ಮೀಟರ್ ಬಿಡುವ ಕರೆಂಟ್ ಏನೇನೂ ಅಲ್ಲ. ಅಷ್ಟು ಹೋಗಲು ಒಂದೇ ಎಳೆ ಇದ್ದರೂ ಸಾಕು. ಸೆಲ್ಫ್ ತಿರುಗುವಾಗ ಅದೇ ದಾರಿಯಲ್ಲಿ ನೂರಾರು ಆಂಪಿಯರ್ ಹೋಗಬೇಕು. ಆಗ ಆ ನಾಲ್ಕು ಎಳೆಗೆ ಉಸಿರು ಕಟ್ಟುತ್ತದೆ. ಇದು ನನಗೆ ಗೊತ್ತಿತ್ತು. ಪುಟದಲ್ಲಿ ಇರಲಿಲ್ಲ.

ಆ ಒಂದು ಸಾಲನ್ನು ತಿರುಗಿ ಬರೆದಾಗ ಅರ್ಧ ಪುಟ ಆಯಿತು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿ. ಇಂಜಿನ್ ಸ್ಟಾರ್ಟ್ ಆಗದ ಹಾಗೆ ಸ್ಟಾಪ್ ನಾಬ್ ಎಳೆದು ಹಿಡಿಯಲು ಜೊತೆಗಾರನಿಗೆ ಹೇಳಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ, ಓಮ್ಸ್‌ಗೆ ಅಲ್ಲ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಿ, ಕ್ಲಾಂಪಿಗೆ ಅಲ್ಲ. ಕೆಂಪು ಕಡ್ಡಿಯನ್ನು ಇಂಜಿನ್ನಿನ ಬಣ್ಣ ಇಲ್ಲದ ಲೋಹಕ್ಕೆ ಒತ್ತಿ. ಜೊತೆಗಾರ ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಲಿ. ಸೆಲ್ಫ್ ತಿರುಗುತ್ತಿರುವಾಗಲೇ ಮೀಟರ್ ಓದಿ. 0.2 ವೋಲ್ಟ್ ಒಳಗಿದ್ದರೆ ಅರ್ಥಿಂಗ್ ಸರಿ. ಅದಕ್ಕಿಂತ ಜಾಸ್ತಿ ಬಂದರೆ ಕಪ್ಪು ಕಡ್ಡಿಯನ್ನು ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಕೇಬಲ್ಲಿನ ಇನ್ನೊಂದು ತುದಿಗೆ ಸರಿಸುತ್ತಾ ಹೋಗಿ. ಎಲ್ಲಿ ವೋಲ್ಟ್ ಒಮ್ಮೆಲೇ ಇಳಿಯುತ್ತದೋ ಅಲ್ಲಿದೆ ದೋಷ.

ಅದೇ ಹುಡುಗ, ಅದೇ ಟ್ರ್ಯಾಕ್ಟರ್. ಈ ಸಲ ಮೀಟರ್ 1.3 ತೋರಿಸಿತು. ಅವನು ಬ್ಯಾಟರಿ ಬಿಟ್ಟು ಕೇಬಲ್ ಹಿಡಿದು ಬಗ್ಗಿಸಿ ನೋಡಿದ. ಒಳಗಿಂದ ಹಸಿರು ಪುಡಿ ಉದುರಿತು. ನಾನು ಬಾಯಿ ಬಿಟ್ಟಿರಲಿಲ್ಲ. ಬರೆದದ್ದೇ ಕಲಿಸಿತು.

ಬರೆಯುವವನ ಕೆಲಸ ಇದೇ. ಹುಡುಗ ಓಮ್ಸ್‌ಗೆ ತಿರುಗಿಸುತ್ತಾನೆ ಅಂತ ಮೊದಲೇ ಗೊತ್ತಿರುವುದು. ನಿಮ್ಮ ಗ್ಯಾರೇಜಿಗೆ 19 ವರ್ಷದಲ್ಲಿ ಎಷ್ಟು ಹುಡುಗರು ಬಂದು ಹೋಗಿರಬೇಕು? ಅವರು ಮಾಡಿದ ಪ್ರತಿ ತಪ್ಪೂ ನಿಮ್ಮ ಆಸ್ತಿ. ಇಂಗ್ಲಿಷ್ ಬಲ್ಲ ಬಿ.ಇ. ಪದವೀಧರನ ಹತ್ತಿರ ಅದು ಇರುವುದಿಲ್ಲ, ಯಂತ್ರದ ಹತ್ತಿರ ಮೊದಲೇ ಇಲ್ಲ. ಗ್ಯಾರೇಜ್ ಮುಚ್ಚಬೇಡಿ ಅಂದದ್ದು ಇದಕ್ಕೇ. ಗ್ಯಾರೇಜ್ ಮುಚ್ಚಿದ ದಿನದಿಂದ ನಿಮ್ಮ ವಿದ್ಯೆ ಹಳೆಯದಾಗಲು ಶುರು.

ಈ ವಿದ್ಯೆ ಎಷ್ಟು ಬೇಗ ಹಳೆಯದಾಗುತ್ತದೆ ಅನ್ನುವುದನ್ನೂ ಹೇಳಬೇಕು. 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಿಎಸ್-4 ಅನ್ನುವ ಹೊಗೆ ನಿಯಮ ಬಂತು. 2020ರ ಏಪ್ರಿಲ್ 1ಕ್ಕೆ ಬಿಎಸ್-5 ಬಿಟ್ಟು ನೇರವಾಗಿ ಬಿಎಸ್-6ಕ್ಕೆ ಹಾರಿದೆವು. 2023ರ ಜನವರಿಯಿಂದ 50 ಎಚ್‌ಪಿ ದಾಟಿದ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಅನ್ನುವ ಹೊಗೆ ನಿಯಮ ಬಂತು, ಅದರ ಜೊತೆ ದೊಡ್ಡ ಟ್ರ್ಯಾಕ್ಟರಿಗೂ ಕಾಮನ್ ರೈಲ್, ಅಂದರೆ ಎಲ್ಲ ನೋಜಲ್ಲಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ವ್ಯವಸ್ಥೆ, ಬಂತು. ನಿಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳಲ್ಲಿ ಹಳೇ ಪಂಪಿನವೂ ಇವೆ, ಹೊಸವೂ ಬರುತ್ತಿವೆ. ಇಲ್ಲಿ ನಿಮ್ಮ ನೋಟ್‌ಬುಕ್ಕನ್ನು ಒಮ್ಮೆ ತೆಗೆದು ನೋಡಿ ಅಂತ ಕೇಳಿಕೊಳ್ಳುತ್ತೇನೆ.

"ಡೀಸೆಲ್ ಲೈನ್ ಏರ್ ಹಿಡಿದರೆ ನೋಜಲ್ ಪೈಪಿನ ನಟ್ ಸಡಿಲ ಮಾಡಿ ಸೆಲ್ಫ್ ಹೊಡೆಯಿರಿ" ಅಂತ ಅದರಲ್ಲಿ ಖಂಡಿತ ಬರೆದಿರುತ್ತೀರಿ. ಎಲ್ಲ ಮಿಸ್ತ್ರಿಗಳೂ ಹಾಗೇ ಕಲಿತದ್ದು. ಹಳೇ ಪಂಪಿಗೆ ಅದು ನಡೆದುಬಂದ ಪದ್ಧತಿ. ಕಾಮನ್ ರೈಲ್‌ನಲ್ಲಿ ಇದನ್ನು ಮಾಡಲೇಬಾರದು. ಅಲ್ಲಿ ಒತ್ತಡ 1,600ರಿಂದ 2,000 ಬಾರ್ ತನಕ ಹೋಗುತ್ತದೆ. ಸಡಿಲವಾದ ನಟ್ಟಿನ ಸಂದಿಯಿಂದ ಕೂದಲೆಳೆಯ ಹಾಗೆ ಬರುವ ಡೀಸೆಲ್, ಕೈಗವಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ. ಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಒಳಗೆ ಮಾಂಸ ಸಾಯುತ್ತಾ ಹೋಗುತ್ತದೆ. ಕೂಡಲೇ ಆಪರೇಷನ್ ಆಗದಿದ್ದರೆ ಬೆರಳೋ ಕೈಯೋ ಹೋಗಬಹುದು. ನಿಮ್ಮ ನೋಟ್‌ಬುಕ್ ಓದಿದ ಹುಡುಗ ಹೊಸ ಟ್ರ್ಯಾಕ್ಟರಿನ ಮುಂದೆ ನಿಂತರೆ ಏನು ಮಾಡುತ್ತಾನೆ? ನೀವು ಹೇಳಿದ್ದನ್ನೇ ಮಾಡುತ್ತಾನೆ, ಅಲ್ವಾ?

ಹಾಗಾಗಿ ಆ ಸಾಲಿನ ಮೊದಲು ಇನ್ನೊಂದು ಸಾಲು ಬರಬೇಕು. ಇದು ಯಾವ ಇಂಜಿನ್ನಿಗೆ, ಯಾವುದಕ್ಕೆ ಅಲ್ಲ. ಎಚ್ಚರಿಕೆ ಯಾವಾಗಲೂ ಹಂತದ ಮೊದಲೇ ಬರಬೇಕು. ಹಂತ ಆದ ಮೇಲೆ ಬರೆದ ಎಚ್ಚರಿಕೆಯನ್ನು ಹುಡುಗ ಓದುವಷ್ಟರಲ್ಲಿ ಕೈ ಅಲ್ಲಿಗೆ ಹೋಗಿರುತ್ತದೆ.

ನನ್ನಿಂದ ಆದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಶುರುವಿನ ವರ್ಷಗಳಲ್ಲಿ ಒಂದು ಹಾಳೆಯಲ್ಲಿ "ವೀಲ್ ನಟ್ ಟಾರ್ಕ್: 10" ಎಂದು ಬರೆದೆ. ನನ್ನ ತಲೆಯಲ್ಲಿ ಇದ್ದದ್ದು 10 ಕೆಜಿ ಮೀಟರ್. ಅಂದರೆ ಸುಮಾರು 98 ನ್ಯೂಟನ್ ಮೀಟರ್. ಹುಡುಗನ ಕೈಯಲ್ಲಿದ್ದ ಟಾರ್ಕ್ ಪಾನಾ ನ್ಯೂಟನ್ ಮೀಟರಿನದು. ಅವನು 10ಕ್ಕೆ ಇಟ್ಟು ಕ್ಲಿಕ್ ಅನ್ನಿಸಿ ಕೈ ಬಿಟ್ಟ. ಬೇಕಾದದ್ದರ ಹತ್ತರಲ್ಲಿ ಒಂದು ಪಾಲು ಬಿಗಿ. ಗಾಡಿ ಹೊರಗೆ ಹೋಗುವ ಮೊದಲು ಹಿರಿಯ ಮಿಸ್ತ್ರಿಯೊಬ್ಬರು ಕೈಯಿಂದ ಅಲುಗಿಸಿ ನೋಡಿದ್ದರಿಂದ ಗೊತ್ತಾಯಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಅಳತೆ ಇಲ್ಲದ ಅಂಕಿಯನ್ನು ನಾನು ಬರೆದಿಲ್ಲ. ಇನ್ನೊಬ್ಬರು ಬರೆದದ್ದನ್ನು ತಿದ್ದುವಾಗಲೂ ಮೊದಲು ಕಣ್ಣು ಹೋಗುವುದು ಅಲ್ಲಿಗೇ.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಬರೆಯುವಾಗ "ಪ್ರಾರಂಭಕ ಯಂತ್ರ" ಅಂತ ಬರೆದರೆ ಜಮಖಂಡಿಯಲ್ಲೂ ತಿಳಿಯುವುದಿಲ್ಲ, ಮೈಸೂರಲ್ಲೂ ತಿಳಿಯುವುದಿಲ್ಲ. ಗ್ಯಾರೇಜಿನಲ್ಲಿ ನಾವು "ಸೆಲ್ಫ್" ಅನ್ನುತ್ತೇವೆ, ಡಬ್ಬಿ ಮೇಲೆ "ಸ್ಟಾರ್ಟರ್ ಮೋಟಾರ್" ಅಂತ ಇರುತ್ತದೆ. ನಾವು "ಡೈನಮೋ" ಅನ್ನುವುದು ಈಗಿನ ಗಾಡಿಯಲ್ಲಿ ಆಲ್ಟರ್ನೇಟರ್. ಬೆಳಗಾವಿಯ ಹುಡುಗ ಪಾನಾ ಅನ್ನುತ್ತಾನೆ, ಬೆಂಗಳೂರಿನವನು ಸ್ಪ್ಯಾನರ್ ಅನ್ನುತ್ತಾನೆ. ಮೊದಲ ಸಲ ಎರಡೂ ಹೆಸರು ಹೇಳಿ. ಆಮೇಲೆ ಪಾಠದ ಕೊನೆ ತನಕ ಒಂದೇ ಹೆಸರು ಬಳಸಿ. ಒಂದು ಪುಟದಲ್ಲಿ ಡೈನಮೋ, ಇನ್ನೊಂದರಲ್ಲಿ ಆಲ್ಟರ್ನೇಟರ್ ಬಂದರೆ ಹೊಸಬ ಎರಡು ಸಾಮಾನು ಇವೆ ಅಂದುಕೊಳ್ಳುತ್ತಾನೆ.

ಈಗ ಆ 8,000 ರೂಪಾಯಿ.

ಚಿತ್ರ ಸಮೇತ, ಹುಡುಗರ ಕೈಯಲ್ಲಿ ಮಾಡಿಸಿ ನೋಡಿದ ಒಂದು ಪುಟಕ್ಕೆ ನನಗೆ ಇವತ್ತಿಗೂ ಮೂರು ಗಂಟೆ ಬೇಕು. ನಿಮಗೆ ಶುರುವಿನಲ್ಲಿ ಇನ್ನೂ ಜಾಸ್ತಿ ಬೇಕಾಗುತ್ತದೆ. ಮೂರೇ ಗಂಟೆ ಅಂತ ಹಿಡಿದರೂ 120 ಪುಟಕ್ಕೆ 360 ಗಂಟೆ. 8,000ವನ್ನು 360ರಿಂದ ಭಾಗಿಸಿ. ಗಂಟೆಗೆ 22 ರೂಪಾಯಿ. ನಿಮ್ಮ ಗ್ಯಾರೇಜಿನಲ್ಲಿ ಪಂಕ್ಚರ್ ಹಾಕುವ ಹುಡುಗನಿಗೂ ನೀವು ಇದಕ್ಕಿಂತ ಜಾಸ್ತಿ ಕೊಡುತ್ತೀರಿ.

ಹಕ್ಕಿನ ಮಾತು ಇನ್ನೂ ಮುಖ್ಯ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ನೌಕರಿಯಲ್ಲಿದ್ದು ಕೆಲಸದ ಭಾಗವಾಗಿ ಬರೆದರೆ ಹಕ್ಕು ಸಾಮಾನ್ಯವಾಗಿ ಮಾಲೀಕರದ್ದು. ನೀವು ಅವರ ನೌಕರರಲ್ಲ. ಹಾಗಾಗಿ ನೀವು ಬರೆದ ಮಾತಿನ ಮೊದಲ ಹಕ್ಕು ನಿಮ್ಮದೇ. ಆ ಹಕ್ಕನ್ನು ಬರವಣಿಗೆಯಲ್ಲಿ, ನಿಮ್ಮ ಸಹಿ ಇದ್ದರೆ ಮಾತ್ರ ಅವರಿಗೆ ದಾಟಿಸಬಹುದು. ಎಷ್ಟು ಕಾಲಕ್ಕೆ ಅಂತ ಕಾಗದದಲ್ಲಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ. "ಹಕ್ಕೆಲ್ಲ ಶಾಶ್ವತವಾಗಿ" ಎಂದು ಬರೆದು ಸಹಿ ಹಾಕಿದರೆ, ನಾಳೆ ನಿಮ್ಮದೇ ನೋಟ್‌ಬುಕ್ಕಿನ ಮಾತನ್ನು ನೀವು ಅಚ್ಚು ಹಾಕಿಸಲು ಅವರ ಒಪ್ಪಿಗೆ ಬೇಕಾದೀತು. ಫೋಟೋದ ಲೆಕ್ಕ ಬೇರೆ. ದುಡ್ಡು ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಅದರ ಹಕ್ಕು ತೆಗೆಸಿದವರಿಗೇ ಹೋಗುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಬಳಿ ಈಗಾಗಲೇ ಇರುವ ಫೋಟೋಗಳನ್ನು ಬೇರೆ ಪಟ್ಟಿ ಮಾಡಿ, ಇವು ನನ್ನವು ಅಂತ ಕಾಗದದಲ್ಲಿ ಸೇರಿಸಿ.

ಮ್ಯಾನುಯಲ್‌ನಿಂದ ಚಿತ್ರ ಎತ್ತಿಕೊಳ್ಳಿ ಅನ್ನುವುದಕ್ಕೆ ಒಪ್ಪಲೇಬೇಡಿ. ಟಾರ್ಕ್ ಇಷ್ಟು, ಗ್ಯಾಪ್ ಇಷ್ಟು ಅನ್ನುವ ಅಂಕಿ ಯಾರ ಆಸ್ತಿಯೂ ಅಲ್ಲ. ಆದರೆ ಕಂಪನಿಯ ಚಿತ್ರ, ಕಂಪನಿಯ ವಾಕ್ಯ ಅವರವು. ಪುಸ್ತಕದ ಮೇಲೆ ಹೆಸರು ನಿಮ್ಮದು ಇದ್ದರೆ ನೋಟಿಸ್ ಬರುವುದೂ ನಿಮಗೇ. ಫೋನಿನಲ್ಲಿ ನೀವೇ ತೆಗೆದ, ಗ್ರೀಸ್ ಮೆತ್ತಿದ ಕೈ ಕಾಣುವ ಫೋಟೋ ಎಷ್ಟೋ ವಾಸಿ. ಹುಡುಗನಿಗೆ ತನ್ನ ಗ್ಯಾರೇಜೇ ಕಂಡ ಹಾಗಾಗುತ್ತದೆ.

ಅವರಿಗೆ ಸಿಟ್ಟಿನಿಂದ ಇಲ್ಲ ಅನ್ನಬೇಕಾಗಿಲ್ಲ. "ಹತ್ತು ಪುಟ ಮಾಡಿಕೊಡ್ತೀನಿ, ಒಂದೇ ವಿಷಯ, ಸೆಲ್ಫ್ ಮತ್ತು ಬ್ಯಾಟರಿ. ನನ್ನ ಗ್ಯಾರೇಜಿನ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡಿ, ಅರ್ಧ ಮೊದಲೇ. ನಿಮ್ಮ ಕೇಂದ್ರದಲ್ಲಿ ಎರಡು ವರ್ಷ ಬಳಸಿ, ಹಕ್ಕು ನನ್ನ ಹತ್ತಿರ ಇರಲಿ, ಹೆಸರು ಹಾಕಿ" ಅನ್ನಿ. ಒಪ್ಪಿದರೆ ಒಳ್ಳೇದು. ಒಪ್ಪದಿದ್ದರೆ ನಿಮ್ಮ 360 ಗಂಟೆ ಉಳಿಯಿತು.

ಮುಂದಿನ ದಾರಿಗಳು. ನನ್ನ ಅಂದಾಜಿನಲ್ಲಿ ನಿಮಗೆ ಹೊಂದುವುದು ಕಲಿಸುವುದು, ಬರೆಯುವುದು ಎರಡೂ ಕೂಡಿದ ದಾರಿ. ಐಟಿಐಗಳಲ್ಲಿ ಒಂದು ಟ್ರೇಡಿಗೆ ಇಬ್ಬರು ಬೋಧಕರು ಬೇಕಾದಾಗ, ಒಬ್ಬರು ಡಿಗ್ರಿ ಅಥವಾ ಡಿಪ್ಲೊಮಾ ಆದವರು, ಇನ್ನೊಬ್ಬರು ಐಟಿಐ ಮುಗಿಸಿ ಮೂರು ವರ್ಷ ಅನುಭವ ಇರುವವರು ಅನ್ನುವುದು ಕೇಂದ್ರದ ಪಠ್ಯಕ್ರಮದಲ್ಲೇ ಇದೆ. ಜೊತೆಗೆ ಕ್ರಾಫ್ಟ್ ಇನ್‌ಸ್ಟ್ರಕ್ಟರ್ ತರಬೇತಿ ಬೇಕು, ಅದನ್ನು ಸಿಐಟಿಎಸ್ ಅನ್ನುತ್ತಾರೆ, ಒಂದು ವರ್ಷದ್ದು. ನಿಮ್ಮ ಅನುಭವ ಮೂರಲ್ಲ, ಹತ್ತೊಂಬತ್ತು. ಅಪಾಯ ಏನು ಅಂದರೆ ಆ ಒಂದು ವರ್ಷ ಮನೆ ನಡೆಯಬೇಕು, ಮುಗಿಸಿ ಬಂದ ಕೂಡಲೇ ಕೆಲಸ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಅತಿಥಿ ಬೋಧಕರ ಹುದ್ದೆ ಸಿಕ್ಕರೂ ಸಂಬಳ ಗ್ಯಾರೇಜಿನ ಒಳ್ಳೇ ತಿಂಗಳಿಗೆ ಸಮ ಆಗದೇ ಇರಬಹುದು. ಆದರೂ ನಾನು ಇದನ್ನು ಮುಂದಿಡುತ್ತೇನೆ. ತರಗತಿಯಲ್ಲಿ ನಿಂತವನಿಗೆ ದಿನಾ ಹೊಸ ತಪ್ಪುಗಳು ಸಿಗುತ್ತವೆ, ಅವೇ ಪಾಠ ಆಗುತ್ತವೆ. ಕೇಂದ್ರ ಸರ್ಕಾರದ ನಿಮಿ ಸಂಸ್ಥೆ 1986ರಿಂದ ಚೆನ್ನೈನಲ್ಲಿ ಐಟಿಐ ಪುಸ್ತಕ ಮಾಡುತ್ತಿದೆ. ಅಂಥ ಪುಸ್ತಕಗಳಿಗೆ ವಿಷಯ ಒದಗಿಸುವುದರಲ್ಲಿ ಬೋಧಕರ ಪಾಲು ದೊಡ್ಡದು.

ಆ ನಿಮಿ ಪುಸ್ತಕಗಳನ್ನು ಭಾರತ್ ಸ್ಕಿಲ್ಸ್ ಅನ್ನುವ ಸರ್ಕಾರಿ ತಾಣದಲ್ಲಿ ದುಡ್ಡಿಲ್ಲದೆ ಓದಬಹುದು. ನೀವು ಓದಿದ ಟ್ರೇಡಿನದೇ ಪ್ರಾಕ್ಟಿಕಲ್ ಪುಸ್ತಕ ತೆಗೆದು ನೋಡಿ. ಪ್ರತಿ ಅಭ್ಯಾಸದ ಮೇಲೆ "ಇದು ಮುಗಿದಾಗ ನೀವು ಇದನ್ನು ಮಾಡಬಲ್ಲಿರಿ" ಎಂದು ಇರುತ್ತದೆ. "ತಿಳಿದುಕೊಳ್ಳುವಿರಿ" ಅಂತ ಇರುವುದಿಲ್ಲ. ತಿಳಿದನೋ ಇಲ್ಲವೋ ಯಾರಿಗೆ ಕಾಣುತ್ತದೆ? ಅಳೆದನೋ, ಬಿಚ್ಚಿದನೋ, ಕೂಡಿಸಿದನೋ ಅದು ಕಾಣುತ್ತದೆ.

ಇನ್ನೊಂದು ದಾರಿ ಪ್ರಶ್ನೆ ಬರೆಯುವುದು ಮತ್ತು ಪರೀಕ್ಷೆ ಮಾಡುವುದು. ವಾಹನ ಕ್ಷೇತ್ರದ ಕೌಶಲ ಮಂಡಳಿ, ಅಂದರೆ ಎಎಸ್‌ಡಿಸಿ, ತನ್ನ ಕೋರ್ಸುಗಳಿಗೆ ತರಬೇತುದಾರರನ್ನೂ ಪರೀಕ್ಷಕರನ್ನೂ ತಯಾರು ಮಾಡುತ್ತದೆ. ನಾಲ್ಕು ಆಯ್ಕೆಯ ಪ್ರಶ್ನೆ ಬರೆಯುವುದು ಸುಲಭ ಅನ್ನಿಸುತ್ತದೆ. ಸರಿ ಉತ್ತರ ಸುಲಭವೇ. ಮೂರು ತಪ್ಪು ಉತ್ತರ ಬರೆಯುವುದು ಕಷ್ಟ. ಅವು ಯಾರೂ ಆರಿಸದ ಬರೀ ತಪ್ಪುಗಳಾಗಿರಬಾರದು, ಹುಡುಗರು ನಿಜವಾಗಿ ಮಾಡುವ ತಪ್ಪುಗಳಾಗಿರಬೇಕು. "ಓಮ್ಸ್‌ಗೆ ಇಟ್ಟು ಅಳೆಯಿರಿ" ಅನ್ನುವುದು ಎಷ್ಟು ಒಳ್ಳೇ ತಪ್ಪು ಉತ್ತರ ನೋಡಿ. ಈ ಕೆಲಸ ತುಂಡು ತುಂಡಾಗಿ ಬರುತ್ತದೆ, ಸಂಸಾರ ನಡೆಸುವಷ್ಟು ಬರುವುದಿಲ್ಲ. ಗ್ಯಾರೇಜಿನ ಜೊತೆಗೆ ಮಾಡಬಹುದು, ಕಬ್ಬು ನುರಿಸುವ ತಿಂಗಳುಗಳಲ್ಲಿ ಮಾತ್ರ ಒಪ್ಪಿಕೊಳ್ಳಬೇಡಿ. ಆಗ ನಿಮಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ, ಕೊಟ್ಟ ಮಾತು ತಪ್ಪಿದರೆ ಎರಡನೇ ಸಲ ಕರೆಯುವುದಿಲ್ಲ.

ಊರು ಬಿಟ್ಟು ಕಂಪನಿ ನೌಕರಿಗೆ ಹೋಗುವ ದಾರಿಯನ್ನು 41ರಲ್ಲಿ, ಡಿಪ್ಲೊಮಾ ಇಲ್ಲದೆ ನಾನು ಹೇಳುವುದಿಲ್ಲ. ಎಲೆಕ್ಟ್ರಿಕ್ ಕಾರಿನ ಪಾಠ ಬರೆಯಲು ಯಾರಾದರೂ ಕೇಳಿದರೂ ಈಗ ಒಪ್ಪಬೇಡಿ. ಅಲ್ಲಿ 60 ವೋಲ್ಟ್ ಡಿಸಿ ದಾಟಿದರೆ ಜೀವಕ್ಕೆ ಅಪಾಯದ ಲೆಕ್ಕ, ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವ ಮೊದಲು ಮಾಡಬೇಕಾದ ಕ್ರಮವೇ ಬೇರೆ. ಮೊದಲು ತರಬೇತಿ ಪಡೆದು, ನಾಲ್ಕು ಗಾಡಿ ಬಿಚ್ಚಿ, ಆಮೇಲೆ ಬರೆಯಿರಿ. ಕೈಯಲ್ಲಿ ಮಾಡದ ಕೆಲಸವನ್ನು ಬರೆಯಬಾರದು ಅನ್ನುವ ನಿಯಮವನ್ನು ನಾನು ದುಡ್ಡಿನ ಕಷ್ಟದಲ್ಲಿದ್ದಾಗಲೂ ಮುರಿದಿಲ್ಲ.

ಸೊಂಟದ ಮಾತು ಬಿಡುವ ಹಾಗಿಲ್ಲ. ಬರೆಯುವ ಕೆಲಸ ಅಂದರೆ ಮೈಗೆ ಆರಾಮ ಅಂತ ನಿಮ್ಮ ಪತ್ರದಲ್ಲಿ ಕಂಡಿತು. ಡಿಸ್ಕ್ ತೊಂದರೆ ಇರುವವರಿಗೆ ಗಂಟೆಗಟ್ಟಲೆ ಕುರ್ಚಿಯಲ್ಲಿ ಬಾಗಿ ಕೂರುವುದೂ ಕಷ್ಟವೇ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಗ್ಯಾರೇಜಿನಿಂದ ಬಂದು ಮೇಜಿನ ಮುಂದೆ ನೋವು ಜಾಸ್ತಿ ಮಾಡಿಕೊಂಡವರನ್ನು ನೋಡಿದ್ದೇನೆ. ದಿನಕ್ಕೆ ಎಷ್ಟು ಹೊತ್ತು ಕೂರಬಹುದು, ನಡುವೆ ಎಷ್ಟು ಸಲ ಏಳಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಗ್ಯಾರೇಜಿನಲ್ಲಿ ಭಾರ ಎತ್ತುವ ಕೆಲಸವನ್ನು ಹುಡುಗರಿಗೆ ಬಿಟ್ಟು, ದೋಷ ಹುಡುಕುವುದನ್ನು ನೀವು ಇಟ್ಟುಕೊಳ್ಳಿ. ಸ್ಕ್ಯಾನರ್, ಮೀಟರ್ ಹಿಡಿಯುವ ಕೆಲಸ ನಿಂತು ಮಾಡುವಂಥದ್ದು, ಅದಕ್ಕೆ ದುಡ್ಡೂ ಚೆನ್ನಾಗಿ ಸಿಗುತ್ತದೆ, ಬರೆಯುವುದಕ್ಕೆ ಸರಕೂ ಅಲ್ಲೇ ಸಿಗುತ್ತದೆ.

ಲ್ಯಾಪ್‌ಟಾಪ್ ಈಗ ಬೇಡ. ನಿಮ್ಮ ನಾಲ್ಕು ನೋಟ್‌ಬುಕ್ಕಿನಿಂದ ಹತ್ತು ಪುಟ ಆರಿಸಿ. ಒಂದೊಂದನ್ನೂ ಆ ಕೆಲಸ ಇನ್ನೂ ಮಾಡದ ಹುಡುಗನ ಕೈಗೆ ಕೊಡಿ, ನೀವು ಎರಡು ಮಾರು ದೂರ ನಿಂತು ಬಾಯಿ ಮುಚ್ಚಿಕೊಳ್ಳಿ. ಅವನು ಎಲ್ಲಿ ನಿಂತ, ಎಲ್ಲಿ ನಿಮ್ಮ ಮುಖ ನೋಡಿದ, ಎಲ್ಲಿ ಬೇರೆ ಪಾನಾ ಎತ್ತಿದ ಅಂತ ಪುಟದ ಅಂಚಿನಲ್ಲಿ ಗುರುತು ಮಾಡಿ. ಅದನ್ನು ತಿದ್ದಿ, ಬೇರೆ ಹುಡುಗನಿಗೆ ಕೊಡಿ. ಫೋಟೋಕ್ಕೆ ಫೋನ್ ಸಾಕು, ಟೈಪ್ ಮಾಡಲು ಮನೆಯಲ್ಲಿ ಕಲಿತ ಮಕ್ಕಳಿದ್ದರೆ ಅವರ ಸಹಾಯ ಸಾಕು. ಆ ಹತ್ತು ಪುಟ ಹುಡುಗರ ಕೈಯಲ್ಲಿ ತಡವರಿಸದೆ ನಡೆದ ದಿನ ಲ್ಯಾಪ್‌ಟಾಪ್ ನೋಡೋಣ. ಅಲ್ಲಿ ತನಕ ಆ ದುಡ್ಡಿನಲ್ಲಿ ತಂತಿ ಬಿಚ್ಚದೆ ಕರೆಂಟ್ ಅಳೆಯುವ ಒಂದು ಒಳ್ಳೇ ಡಿಸಿ ಕ್ಲಾಂಪ್ ಮೀಟರ್ ತೆಗೆದುಕೊಳ್ಳಿ.